ಅಪ್ಪನ ಕುರ್ಚಿ, ಮಗನ ಕೈಕಸುಬು: ಆಕಾಶಗಂಗೆಯ ನಡುವಿಗೆ ಕಿವಿಗೊಟ್ಟ ರಾಧಾಕೃಷ್ಣನ್

ಅಪ್ಪ ಕೂತಿದ್ದ ಕುರ್ಚಿಗೆ ಮಗ ಬಂದು ಕೂತ ಅಂದರೆ ನಮ್ಮ ವಯಸ್ಸಿನವರಿಗೆ ಮೈ ಉರಿಯುತ್ತೆ. ವಿಧಾನಸೌಧದಿಂದ ಹಿಡಿದು ಊರಿನ ಸೊಸೈಟಿವರೆಗೆ ಅದನ್ನೇ ನೋಡಿಕೊಂಡು ಬೆಳೆದವರು ನಾವು. 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಆಗಿದ್ದೂ ಹೊರಗಿನಿಂದ ನೋಡಿದರೆ ಅದೇ. ಸಿ.ವಿ. ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಅವರು ಕಟ್ಟಿದ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು ಅವರ ಕಿರಿಯ ಮಗ ವಿ. ರಾಧಾಕೃಷ್ಣನ್. ಆ ಮಗನ ಕೈಯಲ್ಲಿ ಪಿಎಚ್‌ಡಿ ಇರಲಿಲ್ಲ. ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಒಂದು ಬಿಎಸ್ಸಿ ಆನರ್ಸ್.

ಇದು ವಂಶಾಡಳಿತ ಅಂತ ನೀವು ಅನ್ನಬಹುದು. ಅನ್ನಿ, ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಕೊಡುವ ಮುಂಚೆ ಆ ಮನುಷ್ಯ ಜೀವಮಾನವಿಡೀ ಏನು ಮಾಡಿದರು ಅಂತ ನೋಡಬೇಕಾಗುತ್ತೆ. ಅದನ್ನು ನೋಡೋದಕ್ಕೆ ನಮ್ಮ ಗೆಲಾಕ್ಸಿಯ ನಟ್ಟನಡುವಿನವರೆಗೆ ಹೋಗಬೇಕು. ಅಲ್ಲಿ ಅನಿಲ ಹೇಗೆ ಓಡಾಡುತ್ತೆ ಅನ್ನೋದು ಎಪ್ಪತ್ತು ವರ್ಷಗಳ ಜಗಳ, ಇನ್ನೂ ಪೂರ್ತಿ ಬಗೆಹರಿದಿಲ್ಲ. ಆ ಜಗಳದಲ್ಲಿ ಬೆಂಗಳೂರಿನಿಂದ ಮಾತಾಡಿದವರು ರಾಧಾಕೃಷ್ಣನ್.

ಹುಟ್ಟಿದ್ದು 1929ರ ಮೇ 18, ಮದ್ರಾಸಿನ ತಂಡಿಯಾರ್‌ಪೇಟೆಯಲ್ಲಿ. ಮಗುವಿಗೆ ವರ್ಷ ತುಂಬಿ ಕೆಲವು ತಿಂಗಳಾಗುವಷ್ಟರಲ್ಲಿ ಅಪ್ಪನಿಗೆ ನೊಬೆಲ್. 1933ರಲ್ಲಿ ಅಪ್ಪ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ದೊಡ್ಡಪ್ಪನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್, ಮುಂದೆ 1983ರಲ್ಲಿ ಅವರಿಗೂ ನೊಬೆಲ್ ಬಂತು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ಏನು ಮಾಡಿದರೂ ಕಡಿಮೆಯೇ, ಏನು ಮಾಡದಿದ್ದರೂ ನಡೆಯುತ್ತೆ. ಎರಡೂ ನಿಜ, ಎರಡೂ ಅಪಾಯ.

ರಾಧಾಕೃಷ್ಣನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದು, 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದರು. ಚಾಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರಿಸರ್ಚ್ ಅಸಿಸ್ಟೆಂಟ್ ಕೆಲಸ. ರೇಡಿಯೋ ಖಗೋಳವಿಜ್ಞಾನ ಆಗಿನ್ನೂ ಎಳೆಗೂಸು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ವಿಮಾನ ಹುಡುಕಲು ನಿಲ್ಲಿಸಿ ಬಿಟ್ಟುಹೋದ ರೇಡಾರ್ ತಟ್ಟೆಗಳನ್ನೇ ಯುರೋಪಿನ ವಿಜ್ಞಾನಿಗಳು ಆಕಾಶಕ್ಕೆ ತಿರುಗಿಸಿಕೊಂಡಿದ್ದರು. ಈ ಕ್ಷೇತ್ರಕ್ಕೆ ಬೇಕಾಗಿದ್ದು ಸಿದ್ಧಾಂತ ಬರೆಯುವವರಿಗಿಂತ ಹೆಚ್ಚಾಗಿ ಬೆಸುಗೆ ಹಾಕೋಕೆ ಬರುವವರು: ಆಂಪ್ಲಿಫೈಯರ್ ಕಟ್ಟಬೇಕು, ಗದ್ದಲ ಇಳಿಸಬೇಕು, ತಿಂಗಳುಗಟ್ಟಲೆ ರಿಸೀವರ್ ಮುಂದೆ ಕೂರಬೇಕು. ಪದವಿಯ ಕಾಗದಕ್ಕಿಂತ ಕೈಗೆ ಬೆಲೆ ಇದ್ದ ಕಾಲ ಅದು. ಸರಿಯಾದ ಹೊತ್ತಿಗೆ ಸರಿಯಾದ ಬಾಗಿಲಲ್ಲಿ ನಿಂತಿದ್ದರು ಅವರು.

ಅಲ್ಲಿಂದ ಅಮೆರಿಕದ ಕ್ಯಾಲ್‌ಟೆಕ್‌ಗೆ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ ಹಳಿಗಳ ಮೇಲೆ ಜರುಗಿಸಬಹುದಾದ ಎರಡು ದೊಡ್ಡ ತಟ್ಟೆಗಳು, ಒಂದೊಂದು 27 ಮೀಟರ್ ಅಗಲ. ನವಲಗುಂದದ ಕಡೆಯವನಾಗಿ ಒಂದು ಮಾತು ಹೇಳಲೇಬೇಕು. ಓವೆನ್ಸ್ ಕಣಿವೆ ನೀರು ಕಳಕೊಂಡ ನಾಡು. 1913ರಲ್ಲಿ ಲಾಸ್ ಏಂಜಲೀಸ್ ನಗರ ಕಾಲುವೆ ಹಾಕಿ ಆ ಕಣಿವೆಯ ನದಿಯನ್ನೇ ಎತ್ತಿಕೊಂಡು ಹೋಯಿತು, ಕೆರೆ ಒಣಗಿತು, 1924ರಲ್ಲಿ ರೈತರು ಡೈನಮೈಟ್ ಇಟ್ಟು ಕಾಲುವೆ ಒಡೆದರು, ಅದರ ಗೇಟುಗಳನ್ನು ವಶಕ್ಕೆ ತಗೊಂಡು ಕೂತರು. ಕಳಸಾ-ಬಂಡೂರಿ ಅಂತ ವರ್ಷಗಟ್ಟಲೆ ಧರಣಿ ಕೂತ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳೋದು ಬೇಡ. ಅಂಥ ನೆಲದಲ್ಲೇ ತಟ್ಟೆಗಳು ಎದ್ದವು. ರೇಡಿಯೋ ಟೆಲಿಸ್ಕೋಪಿಗೆ ಬೇಕಾಗೋದೂ ಅದೇ: ಊರಿಲ್ಲದ, ಗದ್ದಲವಿಲ್ಲದ ಬಯಲು.

1960ರಲ್ಲಿ ಜಿಮ್ ರಾಬರ್ಟ್ಸ್ ಜೊತೆ ಸೇರಿ ಗುರುಗ್ರಹದಿಂದ ಬರುವ ರೇಡಿಯೋ ಅಲೆಗಳನ್ನು ಅಳೆದರು. ಅಲೆಗಳು ಗ್ರಹದ ಬಿಲ್ಲೆಯಿಂದಷ್ಟೇ ಅಲ್ಲ, ಅದರಾಚೆಯಿಂದಲೂ ಬರುತ್ತಿದ್ದವು, ಒಂದೇ ದಿಕ್ಕಿಗೆ ಕಂಪಿಸುತ್ತಿದ್ದವು. ಅಂದರೆ ಗುರುವಿನ ಸುತ್ತ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ವೇಗದ ಎಲೆಕ್ಟ್ರಾನುಗಳ ಪಟ್ಟಿ ಇದೆ. ಭೂಮಿಯ ಹೊರತು ಬೇರೊಂದು ಗ್ರಹಕ್ಕೂ ಅಂಥ ವಿಕಿರಣ ಪಟ್ಟಿ ಇದೆ ಅಂತ ತಿಳಿದದ್ದು ಹೀಗೆ. ಆಗ ಅವರಿಗೆ 31 ವರ್ಷ.

ಆದರೆ ನಮ್ಮ ವಿಷಯ ಅನಿಲ. ಗೆಲಾಕ್ಸಿಯಲ್ಲಿ ನಕ್ಷತ್ರಗಳ ನಡುವೆ ತುಂಬಿರೋದು ಹೆಚ್ಚಾಗಿ ಹೈಡ್ರೋಜನ್. ಅದು 21 ಸೆಂಟಿಮೀಟರ್ ಉದ್ದದ ಅಲೆಯಲ್ಲಿ, ಅಂದರೆ 1420 ಮೆಗಾಹರ್ಟ್ಸ್‌ನಲ್ಲಿ, ಸಣ್ಣಗೆ ಗುನುಗುತ್ತೆ. ನಿಮ್ಮ ಕಡೆ ಬರುವ ಅನಿಲದ ಗುನುಗು ಸ್ವಲ್ಪ ಏರುಸ್ವರ, ದೂರ ಹೋಗುವುದರದ್ದು ಸ್ವಲ್ಪ ಇಳಿಸ್ವರ. ಆಂಬುಲೆನ್ಸ್ ಸೈರನ್ ಕೇಳಿದವರಿಗೆ ಇದು ಗೊತ್ತು. ಇದರಿಂದ ಅನಿಲದ ವೇಗ ಸಿಗುತ್ತೆ. ತೊಂದರೆ ಏನಂದರೆ ಈ ಗುನುಗು ಎಲ್ಲಾ ಕಡೆಯಿಂದಲೂ ಬರುತ್ತೆ. ಸಂತೆಯಲ್ಲಿ ನಿಂತು ಒಬ್ಬರ ಮಾತನ್ನಷ್ಟೇ ಕೇಳಬೇಕಾದ ಫಜೀತಿ.

ಬ್ಯಾರಿ ಕ್ಲಾರ್ಕ್, ರಾಬರ್ಟ್ ವಿಲ್ಸನ್ ಜೊತೆ ರಾಧಾಕೃಷ್ಣನ್ 1962ರಲ್ಲಿ ಪ್ರಕಟಿಸಿದ ಕೆಲಸದ ಉಪಾಯ ಇದು. ಎರಡು ತಟ್ಟೆಗಳ ಸಂಕೇತವನ್ನು ಜೋಡಿಸಿದರೆ ಆಕಾಶದಲ್ಲಿ ಅಗಲವಾಗಿ ಹರಡಿದ ಗುನುಗು ತನ್ನಷ್ಟಕ್ಕೆ ಅಳಿಸಿಹೋಗುತ್ತೆ. ಚುಕ್ಕಿಯಂತೆ ಸಣ್ಣದಾಗಿ, ಪ್ರಖರವಾಗಿ ಉರಿಯುವ ಮೂಲ ಮಾತ್ರ ಉಳಿಯುತ್ತೆ. ಆ ದೀಪಕ್ಕೂ ನಮಗೂ ನಡುವೆ ಇರುವ ತಣ್ಣನೆಯ ಅನಿಲ ಅದರ ಬೆಳಕನ್ನು ಅಲ್ಲಲ್ಲಿ ನುಂಗುತ್ತೆ. ಆ ನೆರಳನ್ನು ಓದಬೇಕು. ನೋಡಿದರೆ ಅನಿಲ ಒಂದೇ ಹದದಲ್ಲಿಲ್ಲ. ಬಿಸಿಯಾದ ತೆಳು ಅನಿಲದ ನಡುವೆ ತಣ್ಣನೆಯ ಗಟ್ಟಿ ಮೋಡಗಳು, ಶಿರಾದಲ್ಲಿ ಒಣದ್ರಾಕ್ಷಿ ಇದ್ದ ಹಾಗೆ. ಕ್ಲಾರ್ಕ್ ಮುಂದೆ ಇದನ್ನೇ ಒಂದು ಮಾದರಿಯಾಗಿ ಬೆಳೆಸಿದರು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ನಮ್ಮ ಕಾಲೇಜಿನ ಸ್ಪೆಕ್ಟ್ರಮ್ ಅನಲೈಸರ್ ಗಾಜಿನ ಕಪಾಟಿನಲ್ಲಿ ಬೀಗದೊಳಗೆ ಇತ್ತು, ಇನ್‌ಸ್ಪೆಕ್ಷನ್ ತಂಡ ಬಂದ ದಿನ ಮಾತ್ರ ಟೇಬಲ್ ಮೇಲೆ ಬರುತ್ತಿತ್ತು. ನಾಲ್ಕು ವರ್ಷದಲ್ಲಿ ಅದರ ಒಂದು ಗುಂಡಿಯನ್ನೂ ನಾನು ಒತ್ತಲಿಲ್ಲ. ಪದವಿ ಸಿಕ್ಕಿತು. ಹಾಗಾಗಿ ಬರೀ ಬಿಎಸ್ಸಿ ಇಟ್ಟುಕೊಂಡು ಗುರುಗ್ರಹ ಅಳೆದವರ ಕಥೆ ಓದುವಾಗ ನನಗೆ ಖುಷಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ.

ಕ್ಯಾಲ್‌ಟೆಕ್ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿತು. ವಿಮಾನದಲ್ಲಿ ಹೋಗಬಹುದಿತ್ತು. ಬದಲಿಗೆ ಮೂರು ಒಡಲಿನ ಹಾಯಿದೋಣಿ, ಟ್ರೈಮರಾನ್, ಒಂದರಲ್ಲಿ ಸಾಗರ ದಾಟಿ ಹೋದರು. ದೋಣಿಯ ಹೆಸರು ಸಿಗ್ನಸ್ ಎ. ಆಕಾಶದ ಅತಿ ಪ್ರಖರ ರೇಡಿಯೋ ಗೆಲಾಕ್ಸಿಗಳಲ್ಲಿ ಒಂದರ ಹೆಸರದು.

1965ರಿಂದ ಸಿಡ್ನಿಯ ಸಿಎಸ್ಐಆರ್‌ಒದಲ್ಲಿ. ಅವರ 64 ಮೀಟರಿನ ಟೆಲಿಸ್ಕೋಪ್ ಇರೋದು ಪಾರ್ಕ್ಸ್ ಅನ್ನೋ ಊರಿನ ಹತ್ತಿರ, ಸುತ್ತ ಕುರಿ ಮೇಯುವ ಬಯಲು. ಅಲ್ಲಿ ದೊಡ್ಡ ತಟ್ಟೆಯ ಜೊತೆ ಇನ್ನೊಂದು ಚಿಕ್ಕ ತಟ್ಟೆಯನ್ನು ಜೋಡಿಸಿ ಅದೇ ನೆರಳು ಓದುವ ಕೆಲಸವನ್ನು ದಕ್ಷಿಣದ ಆಕಾಶಕ್ಕೆ ವಿಸ್ತರಿಸಿದರು. ಆ ಸಮೀಕ್ಷೆ 1972ರಲ್ಲಿ ಪ್ರಕಟವಾಯಿತು. ನಡುವೆ ಪಲ್ಸಾರ್ ಬಂತು. ಸೆಕೆಂಡಿಗೆ 11 ಸಲ ಮಿಡಿಯುವ ವೇಲಾ ಪಲ್ಸಾರನ್ನು ಅಳೆದು, ಆ ಮಿಡಿತ ತಿರುಗುತ್ತಿರುವ ನ್ಯೂಟ್ರಾನ್ ನಕ್ಷತ್ರದ ಕಾಂತಧ್ರುವದ ಬಳಿಯಿಂದ ಹೊರಡುತ್ತೆ ಅಂತ 1969ರಲ್ಲಿ ಡಿ.ಜೆ. ಕುಕ್ ಜೊತೆ ತೋರಿಸಿಕೊಟ್ಟರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಉಳಿದಿರೋದು ಮುಖ್ಯವಾಗಿ ಇದಕ್ಕೆ. ಅದೇ ವರ್ಷ ವೇಲಾದ ತಿರುಗುವಿಕೆ ಇದ್ದಕ್ಕಿದ್ದಂತೆ ಒಂಚೂರು ಚುರುಕಾಗಿದ್ದನ್ನು ಡಿಕ್ ಮ್ಯಾಂಚೆಸ್ಟರ್ ಜೊತೆ ಹಿಡಿದರು. ಪಲ್ಸಾರ್ ಕಥೆ ಇಷ್ಟಕ್ಕೇ ಬಿಡುತ್ತೇನೆ.

ಈಗ ಗೆಲಾಕ್ಸಿಯ ನಡುವಿಗೆ ಬರೋಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಹಂತಿ ಕಟ್ಟಿದ್ದನ್ನು ನೋಡಿದ ತಲೆಮಾರು ಮುಗಿಯುತ್ತಾ ಬಂತು, ಈಗ ರಾಶಿ ಮಾಡೋಕೆ ಮಷೀನು. ಆದರೂ ನಮ್ಮ ಕಡೆ ಎಲ್ಲರಿಗೂ ಗೊತ್ತು: ಕಣದ ನಡುವೆ ಮೇಟಿ, ಅದರ ಸುತ್ತ ಸುತ್ತುವ ಎತ್ತುಗಳ ಸಾಲು. ನೀವು ಕಣದ ಅಂಚಿನಲ್ಲಿ ನಿಂತು ಮೇಟಿಯನ್ನೇ ನೆಟ್ಟಗೆ ನೋಡುತ್ತಿದ್ದೀರಿ ಅಂದುಕೊಳ್ಳಿ. ನಿಮಗೂ ಮೇಟಿಗೂ ನಡುವೆ ಹಾಯುವ ಎತ್ತು ಅಡ್ಡಡ್ಡ ಹೋಗುತ್ತೆ. ನಿಮ್ಮ ಕಡೆ ಬರಲ್ಲ, ನಿಮ್ಮಿಂದ ದೂರವೂ ಹೋಗಲ್ಲ. ಗೆಲಾಕ್ಸಿಯಲ್ಲೂ ಹಾಗೇ. ಕೇಂದ್ರ ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ, ಧನುರಾಶಿಯ ದಿಕ್ಕಿನಲ್ಲಿದೆ. ಅನಿಲ ದುಂಡಗೆ ಸುತ್ತುತ್ತಿದ್ದರೆ, ಕೇಂದ್ರದ ನೇರಕ್ಕೆ ನೋಡಿದಾಗ ಅದರ ವೇಗ ಸೊನ್ನೆ ತೋರಿಸಬೇಕು. ರೇಡಿಯೋಗೆ ತಿಳಿಯೋದು ಹತ್ತಿರ ಬರೋದು, ದೂರ ಹೋಗೋದು ಇಷ್ಟೇ. ಅಡ್ಡ ಓಟ ಅದಕ್ಕೆ ಕೇಳಿಸಲ್ಲ.

1957ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಊರ್ಟ್ ತಂಡಕ್ಕೆ ಸೊನ್ನೆ ಸಿಗಲಿಲ್ಲ. ಕೇಂದ್ರಕ್ಕಿಂತ ಹತ್ತು ಸಾವಿರ ಜ್ಯೋತಿರ್ವರ್ಷ ಈಚೆಗೆ ಒಂದು ಅನಿಲದ ತೋಳು ಸೆಕೆಂಡಿಗೆ 53 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ಎತ್ತು ಸುತ್ತೋದು ಬಿಟ್ಟು ನಿಮ್ಮ ಮೈಮೇಲೆ ಬಂದ ಹಾಗೆ! ಕೇಂದ್ರದ ಆಚೆಗೆ ಇನ್ನೊಂದು ಕಡೆ ಅನಿಲ ಇನ್ನೂ ವೇಗವಾಗಿ ದೂರ ಓಡುತ್ತಿತ್ತು. ಎರಡನ್ನೂ ಸೇರಿಸಿ ನೋಡಿದರೆ ಏನನ್ನಿಸುತ್ತೆ? ನಡುವೆ ಏನೋ ಸಿಡಿದಿದೆ, ಅನಿಲ ಹೊರಕ್ಕೆ ಚಿಮ್ಮುತ್ತಿದೆ. ಊರ್ಟ್ ಸಾಮಾನ್ಯ ವಿಜ್ಞಾನಿಯಲ್ಲ, ಧೂಮಕೇತುಗಳ ಊರ್ಟ್ ಮೋಡಕ್ಕೆ ಹೆಸರು ಕೊಟ್ಟವರು. ಸ್ಫೋಟದ ವಿವರಣೆ ವರ್ಷಗಟ್ಟಲೆ ನಡೆಯಿತು.

ಗೆರಾರ್ಡ್ ದ ವೋಕುಲ್ಯೂರ್ ಅನ್ನೋ ಫ್ರೆಂಚ್ ಮೂಲದ ಖಗೋಳಜ್ಞ 1964ರಲ್ಲಿ ಬೇರೆಯೇ ಮಾತು ಮುಂದಿಟ್ಟರು. ಎಷ್ಟೋ ಸುರುಳಿ ಗೆಲಾಕ್ಸಿಗಳ ನಡುವೆ ನಕ್ಷತ್ರಗಳದ್ದೇ ಒಂದು ಉದ್ದನೆಯ ಪಟ್ಟಿ ಇರುತ್ತೆ. ಇಂಗ್ಲಿಷಿನವರು ಅದಕ್ಕೆ ಬಾರ್ ಅಂತಾರೆ. ನಮ್ಮ ಅಬಕಾರಿ ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಆಕಾಶಗಂಗೆಯಲ್ಲೂ ಅದು ಇದ್ದರೆ? ಆಗ ಸ್ಫೋಟವೇ ಬೇಕಿಲ್ಲ. ಉದ್ದನೆಯ ಪಟ್ಟಿಯ ಸೆಳೆತದಲ್ಲಿ ಅನಿಲದ ದಾರಿ ದುಂಡಗೆ ಇರಲ್ಲ, ಮೊಟ್ಟೆಯ ಹಾಗೆ ಉದ್ದವಾಗಿರುತ್ತೆ. ಉದ್ದ ದಾರಿಯಲ್ಲಿ ಸುತ್ತುವ ಎತ್ತು ಒಂದು ಹೊತ್ತಿನಲ್ಲಿ ನಿಮ್ಮ ಕಡೆ ಬಂದೇ ಬರುತ್ತೆ, ಇನ್ನೊಂದು ಹೊತ್ತಿನಲ್ಲಿ ದೂರ ಹೋಗುತ್ತೆ. ಯಾರೂ ಅದನ್ನು ಹೊರಕ್ಕೆ ಎಸೆದಿಲ್ಲ.

ಈ ವಾದಕ್ಕೆ ಬಲ ಬರೋಕೆ 1991 ಆಯಿತು. ಜೇಮ್ಸ್ ಬಿನ್ನಿ ಮತ್ತು ಜೊತೆಗಾರರು ಅನಿಲದ ಅಳತೆಗಳನ್ನು ಬಾರ್‌ನ ಲೆಕ್ಕಕ್ಕೆ ಕೂರಿಸಿ ತೋರಿಸಿದರು. 2008ರಲ್ಲಿ ಟಾಮ್ ಡೇಮ್ ಮತ್ತು ಪ್ಯಾಟ್ರಿಕ್ ತಡಿಯಸ್ ಕೇಂದ್ರದ ಆಚೆ ಬದಿಯಲ್ಲಿ ಊರ್ಟ್ ತೋಳಿಗೆ ಸರಿಜೋಡಿಯಾದ ಇನ್ನೊಂದು ತೋಳನ್ನು ಕಂಡುಹಿಡಿದರು. ಸ್ಫೋಟ ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ಒಂದೇ ತೂಕ ಹಾಕಲ್ಲ, ಬಾರ್ ಹಾಕುತ್ತೆ.

ಸ್ಫೋಟದ ಕಥೆ ನಮಗೆ ಬೇಗ ಹಿಡಿಸುತ್ತೆ, ಇದನ್ನು ನಾನು ಬರೀ ಆಕಾಶದ ಬಗ್ಗೆ ಹೇಳುತ್ತಿಲ್ಲ. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತ ಸತ್ತ. ಆ ದಿನವನ್ನು ಪ್ರತಿ ವರ್ಷ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ ದಿನ ಹುಟ್ಟಿದ್ದು ಆ ದಿನವಲ್ಲ. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ ವ್ಯವಸ್ಥೆ ವರ್ಷಗಳಿಂದ ರೈತರನ್ನು ತಿರುಚುತ್ತಾ ಬಂದಿತ್ತು. ಕಣ್ಣಿಗೆ ಬೀಳೋದು ಸಿಡಿತ, ಅದರ ಹಿಂದೆ ದುಡಿಯೋದು ರಚನೆ. ಅದೇ 1980ರಲ್ಲಿ ಬೆಂಗಳೂರಿನಲ್ಲಿ ರಾಧಾಕೃಷ್ಣನ್ ಗೆಲಾಕ್ಸಿಯ ಕೇಂದ್ರದ ದಿಕ್ಕಿನ ನೆರಳು ಓದುತ್ತಿದ್ದರು.

ಅದಕ್ಕೆ ಮುಂಚೆ, ಬಾರ್ ಇರುವಲ್ಲಿ ಅನಿಲಕ್ಕೆ ಆಗುವುದೇನು ಅಂತ ಹೇಳಿಬಿಡುತ್ತೇನೆ. ನಕ್ಷತ್ರಗಳು ಒಂದಕ್ಕೊಂದು ಎಷ್ಟು ದೂರ ಅಂದರೆ ದಾರಿಗಳು ಅಡ್ಡ ಬಂದರೂ ಡಿಕ್ಕಿ ಆಗಲ್ಲ. ಅನಿಲದ ಮೋಡಗಳು ಹಾಗಲ್ಲ, ತೇರಿನ ದಿನದ ಜನರ ಹಾಗೆ. ಒಂದು ಕಡೆಯಿಂದ ಬಂದ ಗುಂಪು ಇನ್ನೊಂದಕ್ಕೆ ಬಡಿಯಿತು ಅಂದರೆ ಎರಡೂ ನಿಧಾನ. ಬಾರ್‌ನ ಉದ್ದಕ್ಕೂ, ಅದು ತಿರುಗುವ ದಿಕ್ಕಿನ ಮುಂಬದಿಯಲ್ಲಿ, ಈ ಡಿಕ್ಕಿ ನಡೆಯುತ್ತೆ. ಎನ್‌ಜಿಸಿ 1300 ಅನ್ನೋ ಗೆಲಾಕ್ಸಿಯ ಫೋಟೋ ತೆಗೆದು ನೋಡಿ, ಬಾರ್‌ನ ಎರಡೂ ಕಡೆ ಧೂಳಿನ ಕಪ್ಪು ಗೆರೆ ಕಾಣುತ್ತೆ, ಅದೇ ಆ ಜಾಗ. ಬಡಿತದಲ್ಲಿ, ಬಾರ್‌ನ ಎಳೆತದಲ್ಲಿ, ಅನಿಲ ತನ್ನ ಸುತ್ತುವ ಬಲ ಕಳಕೊಳ್ಳುತ್ತೆ. ಸುತ್ತುವ ಬಲ ಇರೋವರೆಗೂ ಯಾವುದೂ ನಡುವಿಗೆ ಬೀಳಲ್ಲ, ಭೂಮಿ ಸೂರ್ಯನಿಗೆ ಬೀಳದ ಹಾಗೆ. ಅದು ಹೋಯಿತೋ, ಅನಿಲ ಗೆರೆಯುದ್ದಕ್ಕೂ ಒಳಕ್ಕೆ ಜಾರುತ್ತೆ. ಜಾರಿ ನಡುವಿನ ಹತ್ತಿರ ಒಂದು ಉಂಗುರದ ಹಾಗೆ ಗುಡ್ಡೆ ಬೀಳುತ್ತೆ. ನಮ್ಮ ಗೆಲಾಕ್ಸಿಯಲ್ಲಿ ಆ ಗುಡ್ಡೆ ಕೇಂದ್ರದಿಂದ ಸುಮಾರು 650 ಜ್ಯೋತಿರ್ವರ್ಷದೊಳಗೆ ಇದೆ. ಅಷ್ಟು ದಟ್ಟ ಅನಿಲ ಇದ್ದೂ ಅಲ್ಲಿ ಲೆಕ್ಕಕ್ಕಿಂತ ಕಡಿಮೆ ನಕ್ಷತ್ರ ಹುಟ್ಟುತ್ತವೆ. ಯಾಕೆ ಅನ್ನೋದಕ್ಕೆ ಇನ್ನೂ ಒಮ್ಮತವಿಲ್ಲ. ಉಂಗುರದಿಂದ ಇನ್ನೂ ಒಳಗೆ, ಸೂರ್ಯನ 40 ಲಕ್ಷ ಪಟ್ಟು ತೂಕದ ಕಪ್ಪುಕುಳಿಯವರೆಗೆ, ಬಾರ್‌ನ ಕೈ ಅಷ್ಟಾಗಿ ಮುಟ್ಟಲ್ಲ. ಟೇಲ್ ಎಂಡ್ ರೈತರಿಗೆ ಕಾಲುವೆ ನೀರು ಸಿಕ್ಕಷ್ಟೇ ಅದಕ್ಕೆ ಅನಿಲ ಸಿಗೋದು.

ಈ ಬಾರ್‌ನ ಶೋಧ ರಾಧಾಕೃಷ್ಣನ್ ಅವರದ್ದಲ್ಲ. ಅವರದ್ದು ಅದೇ ದಾರಿಯಲ್ಲಿ ಬಂದ ಇನ್ನೊಂದು ಗಂಟು. ಕೇಂದ್ರದಲ್ಲಿ ಧನು ಎ ಅನ್ನೋ ಪ್ರಖರ ರೇಡಿಯೋ ದೀಪ ಉರಿಯುತ್ತಿದೆ. ಅದರ ಮುಂದೆ ಇರುವ ಹೈಡ್ರೋಜನ್ ನೆರಳಿನಲ್ಲಿ ಊರ್ಟ್ ತೋಳು ಮೈನಸ್ 53ರಲ್ಲಿ ಸ್ಪಷ್ಟವಾಗಿ ಕಾಣುತ್ತೆ. ನೆರಳು ಬಿದ್ದಿದೆ ಅಂದರೆ ಆ ತೋಳು ದೀಪದ ಈಚೆಗೇ ಇದೆ. ಇನ್ನು ಸೊನ್ನೆಯ ಸುತ್ತ, ಮಾಮೂಲಿ ಮೋಡಗಳ ದಟ್ಟ ನೆರಳು. ಎನ್.ವಿ.ಜಿ. ಶರ್ಮ ಜೊತೆ 1980ರಲ್ಲಿ ಪ್ರಕಟಿಸಿದ ಬರಹದಲ್ಲಿ ರಾಧಾಕೃಷ್ಣನ್ ಹೇಳಿದ್ದು: ಆ ದಟ್ಟ ನೆರಳಿನ ಎರಡೂ ಬದಿಗೆ ತೀರಾ ತೆಳುವಾದ, ಅಗಲವಾದ ಇನ್ನೊಂದು ನೆರಳಿದೆ. ಮಾಮೂಲಿ ಮೋಡಗಳು ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಆಚೀಚೆ ಅಲೆದರೆ, ಇವು 35 ಕಿಲೋಮೀಟರಿನಷ್ಟು ಅಲೆಯುತ್ತವೆ. ಸತ್ತ ನಕ್ಷತ್ರಗಳ ಸಿಡಿತದ ಹೊಡೆತಕ್ಕೆ ಸಿಕ್ಕ, ಬಿಸಿಯಾದ, ಯಾರ ಲೆಕ್ಕಕ್ಕೂ ಬರದ ಮೋಡಗಳ ಒಂದು ದೊಡ್ಡ ಸಮುದಾಯವೇ ಗೆಲಾಕ್ಸಿಯಲ್ಲಿದೆ.

ಒಪ್ಪದವರು ಬೇಗ ಬಂದರು. ಒಂದೇ ದಿಕ್ಕಿನ ಸಾಕ್ಷಿ ಇಟ್ಟುಕೊಂಡು ಇಷ್ಟು ದೊಡ್ಡ ಮಾತೇ? ಅದೂ ಕೇಂದ್ರದ ದಿಕ್ಕು, ಇಡೀ ಆಕಾಶದಲ್ಲಿ ಅನಿಲದ ಚಲನೆ ಅತ್ಯಂತ ಗೋಜಲಾಗಿರೋ ಜಾಗ. ಗೆಲಾಕ್ಸಿಯ ತಿರುಗುವಿಕೆಯೇ ಇಂಥ ಅಗಲ ನೆರಳನ್ನು ಹುಟ್ಟಿಸಬಹುದಲ್ಲ? ಎರಡೇ ವರ್ಷದಲ್ಲಿ ಈ ಆಕ್ಷೇಪ ಅಚ್ಚಾಯಿತು. ಜಗಳ ಎಷ್ಟು ದಿನ ನಡೆಯಿತು ಅಂದರೆ 2004ರಲ್ಲಿ ಅವರ ಸಂಸ್ಥೆಯವರೇ ಕೇಂದ್ರದ ದಿಕ್ಕನ್ನು ಬಿಟ್ಟು ಬೇರೆ ಬೇರೆ ದಿಕ್ಕುಗಳಲ್ಲಿ ಮತ್ತೆ ಹುಡುಕಿದರು, ವೇಗದ ಮೋಡಗಳ ಸುಳಿವು ಅಲ್ಲೂ ಸಿಕ್ಕಿತು. ಅದಕ್ಕೆ ಬಳಸಿದ್ದು ಪುಣೆ-ನಾಶಿಕ್ ದಾರಿಯ ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿ ಟೆಲಿಸ್ಕೋಪ್, 45 ಮೀಟರಿನ 30 ತಟ್ಟೆಗಳು. ಆ ತಟ್ಟೆಗಳಲ್ಲಿ 21 ಸೆಂಟಿಮೀಟರ್ ಅಲೆ ಹಿಡಿಯುವ ರಿಸೀವರುಗಳನ್ನು ಕಟ್ಟಿಕೊಟ್ಟಿದ್ದೂ ರಾಮನ್ ಸಂಸ್ಥೆಯ ಪ್ರಯೋಗಾಲಯವೇ.

ಈಗ ಮತ್ತೆ ಕುರ್ಚಿಯ ಪ್ರಶ್ನೆಗೆ ಬರುತ್ತೇನೆ. ರಾಮನ್ ಸಂಸ್ಥೆ ಕಟ್ಟಿದ್ದು 1948ರಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ. ಸರ್ಕಾರದ ದುಡ್ಡು ಮುಟ್ಟಬಾರದು, ಮುಟ್ಟಿದರೆ ಸ್ವಾತಂತ್ರ್ಯ ಹೋಯಿತು ಅನ್ನೋದು ಅವರ ಹಟ. ಕೇಳೋಕೆ ಚೆಂದ. ಆದರೆ ಫಲ ಏನಾಯಿತು? ಅದು ಒಬ್ಬ ಮಹಾನುಭಾವರ ಮನೆಯಂಗಳವಾಗಿ ಉಳಿಯಿತು. ಮಗ ಬಂದ 1972ರಲ್ಲೇ ಸಂಸ್ಥೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನಕ್ಕೆ ಬಂತು. ಅಪ್ಪನ ಹಟವನ್ನು ಬಿಟ್ಟದ್ದು ದ್ರೋಹ ಅಂತ ನನಗನ್ನಿಸಲ್ಲ. ಜನರ ದುಡ್ಡು ಬಂದ ಮೇಲೆ ಜನರಿಗೆ ಕೇಳುವ ಹಕ್ಕೂ ಬರುತ್ತೆ. ವಂಶದ ಆಸ್ತಿಯಾಗಬಹುದಿದ್ದ ಜಾಗ ಸಾರ್ವಜನಿಕ ಸಂಸ್ಥೆಯಾಗಿದ್ದು ಮಗನ ಕಾಲದಲ್ಲಿ. ಅಪ್ಪ ಬೆಳಕು, ಹರಳುಗಳ ಹಿಂದೆ ಬಿದ್ದವರು. ಮಗ ರೇಡಿಯೋ ಖಗೋಳ, ದ್ರವಹರಳು ಎರಡಕ್ಕೂ ಜಾಗ ಮಾಡಿದರು. ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಜೊತೆ 34.5 ಮೆಗಾಹರ್ಟ್ಸ್‌ನ ಆಂಟೆನಾ ಹೊಲವೇ ಎದ್ದಿತು. ಬೆಂಗಳೂರಿನ ಆವರಣದಲ್ಲೇ 10.4 ಮೀಟರಿನ ಮಿಲಿಮೀಟರ್ ಅಲೆಗಳ ಟೆಲಿಸ್ಕೋಪ್ ನಿಂತಿತು. ಗೆಲಾಕ್ಸಿಯ ನಡುವಿನ ಗುಡ್ಡೆ ಅನಿಲ ಹೆಚ್ಚಾಗಿ ಅಣುರೂಪದಲ್ಲಿರೋದರಿಂದ ಅಂಥದ್ದನ್ನು ಕೇಳೋಕೆ ಈ ಜಾತಿಯ ಕಿವಿ ಬೇಕು. ಗಾಳಿಯ ತೇವ ಈ ಅಲೆಗಳಿಗೆ ಶತ್ರು, ಹಾಗಾಗಿ ಬೆಂಗಳೂರು ಅದಕ್ಕೆ ಒಳ್ಳೆಯ ಜಾಗವೇನಲ್ಲ. ಆದರೂ ಕಟ್ಟಿದರು, ಕಟ್ಟೋದು ಕಲಿತ ಎಂಜಿನಿಯರುಗಳ ತಂಡ ಅಲ್ಲೇ ತಯಾರಾಯಿತು.

ಬೆಂಗಳೂರಲ್ಲಿ ಸಮುದ್ರ ಇಲ್ಲ ಅಂತ ಅವರು ಸುಮ್ಮನೆ ಕೂರಲೂ ಇಲ್ಲ. ಹ್ಯಾಂಗ್ ಗ್ಲೈಡರ್, ಪುಟ್ಟ ಮೈಕ್ರೋಲೈಟ್ ವಿಮಾನ, ಹೊಸ ಬಗೆಯ ಹಾಯಿದೋಣಿ ಅಂತ ಏನಾದರೊಂದು ಕಟ್ಟುತ್ತಲೇ ಇದ್ದರು. 1994ರವರೆಗೆ ನಿರ್ದೇಶಕರಾಗಿದ್ದರು. ಪಿಎಚ್‌ಡಿ ಇಲ್ಲದ ಈ ಮನುಷ್ಯನಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ 1996ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟೊತ್ತಿಗೆ ಅವರಿಗೆ 67.

ಕಲಘಟಗಿ ಕಡೆಯ ಒಂದು ಕಾಲೇಜಿನಲ್ಲಿ ಈ ಕಥೆ ಹೇಳಿದಾಗ ಬಿಎಸ್ಸಿ ಓದೋ ಹುಡುಗಿಯೊಬ್ಬಳು ಎದ್ದು ನಿಂತು, ಡಿಗ್ರಿ ಇಲ್ಲದೆ ಇಷ್ಟೆಲ್ಲ ಆಗೋದಾದರೆ ನಮಗ್ಯಾಕ್ರೀ ನೆಟ್ಟು, ಜೆಆರ್‌ಎಫ್ಫು ಅಂತ ಕೇಳಿದಳು. ಸಭೆ ನಕ್ಕಿತು, ಅವಳು ನಗಲಿಲ್ಲ. ನಾನೂ ನೇರವಾಗಿಯೇ ಹೇಳಿದೆ: ಯಾಕಂದರೆ ನಿಮ್ಮಪ್ಪ ರಾಮನ್ ಅಲ್ಲವ್ವ. ಬಿಎಸ್ಸಿ ಮುಗಿಸಿದ ಹುಡುಗನಿಗೆ ವಿಜ್ಞಾನ ಸಂಸ್ಥೆಯ ಬಾಗಿಲು, ಅಲ್ಲಿಂದ ಸ್ವೀಡನ್ನಿನ ಬಾಗಿಲು ಅಷ್ಟು ಸುಲಭವಾಗಿ ತೆರೆಯೋದರಲ್ಲಿ ಮನೆತನದ ಪಾಲಿದೆ, ಅದನ್ನು ಮುಚ್ಚಿಟ್ಟು ಬರೀ ಪ್ರತಿಭೆಯ ಕಥೆ ಮಾಡೋದು ಸುಳ್ಳು. ಕುಂದಗೋಳದ ಹುಡುಗನೊಬ್ಬ ಡಿಗ್ರಿ ಬೇಡ, ನನ್ನ ಕೈ ನೋಡಿ ಅಂದರೆ ಗೇಟಿನ ಸೆಕ್ಯೂರಿಟಿಯವನೇ ಒಳಗೆ ಬಿಡಲ್ಲ. ಆದರೆ ಗುರುವಿನ ವಿಕಿರಣ ಪಟ್ಟಿಯನ್ನು ಮನೆತನ ಕಂಡುಹಿಡಿಯಲಿಲ್ಲ, ವೇಲಾದ ಕಾಂತಧ್ರುವವನ್ನೂ ಅಲ್ಲ. 1980ರ ಅವರ ವಾದವನ್ನು ಕಿತ್ತಾಡಿದ ವಿದೇಶಿಗಳಿಗೆ ರಾಮನ್ ಯಾರ ಅಪ್ಪ ಅನ್ನೋದು ಬೇಕಾಗಿರಲಿಲ್ಲ. ಬಾಗಿಲು ಹೆಸರಿಗೆ ತೆರೆಯಿತು, ಒಳಗಿನ ಕೆಲಸ ಕೈಯಿಂದ ಆಯಿತು. ಎರಡನ್ನೂ ಒಟ್ಟಿಗೆ ಹೇಳದ ಜೀವನಚರಿತ್ರೆ ನನಗೆ ಬೇಡ.

ಅದೇ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದು ಇನ್ನೊಂದು. ಕುಡಿಯೋ ನೀರಿಗೆ ಬಡಿದಾಡೋ ಸೀಮೆಯಲ್ಲಿ ನಿಂತು ಗೆಲಾಕ್ಸಿಯ ಗಾಳಿ ಲೆಕ್ಕ ಹಾಕೋದು ಯಾಕೆ ಬೇಕು? ಮಹದಾಯಿ ನೀರು ಬರದೇ ಇರೋದು ರೇಡಿಯೋ ಟೆಲಿಸ್ಕೋಪಿಗೆ ದುಡ್ಡು ಹೋಗಿದ್ದಕ್ಕಲ್ಲ. ಆ ಅನುಮಾನವನ್ನು ನಮ್ಮ ತಲೆಗೆ ಹಾಕಿದವರಿಗೆ ನಾವು ಎರಡನ್ನೂ ಕೇಳೋದು ಇಷ್ಟವಿಲ್ಲ. ನಮ್ಮೂರ ಹುಡುಗರಿಗೆ ಕಾಲುವೆಯ ನೀರೂ ಬೇಕು, ಕಪಾಟಿನಲ್ಲಿ ಬೀಗ ಹಾಕಿಟ್ಟ ಸ್ಪೆಕ್ಟ್ರಮ್ ಅನಲೈಸರೂ ಬೇಕು.

ರಾಧಾಕೃಷ್ಣನ್ 2011ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 81 ವರ್ಷ. ಒಂದೂವರೆ ದಶಕವೇ ಆಯಿತು. ಉಂಗುರದಿಂದ ಕಪ್ಪುಕುಳಿಯವರೆಗೆ ಅನಿಲ ಹೇಗೆ ಇಳಿಯುತ್ತೆ ಅನ್ನೋ ಕೊನೆಯ ಮೈಲಿಯ ಲೆಕ್ಕ ಇನ್ನೂ ನಡೆದಿದೆ.

ನೋಡಬೇಕು ಅನ್ನಿಸಿದರೆ ಮೇ ತಿಂಗಳ ಅಮಾವಾಸ್ಯೆ ಆಸುಪಾಸು, ಮಳೆ ಹಿಡಿಯುವ ಮುಂಚೆ, ಅಣ್ಣಿಗೇರಿ-ನವಲಗುಂದದ ನಡುವೆ ಯಾವುದಾದರೂ ಎರಿಹೊಲಕ್ಕೆ ರಾತ್ರಿ ಎರಡು ಗಂಟೆಗೆ ಹೋಗಿ. ಗುಡ್ಡ ಇಲ್ಲ, ಮರ ಕಡಿಮೆ. ದಕ್ಷಿಣಕ್ಕೆ ಮುಖ ಮಾಡಿ, ನೆತ್ತಿಗೂ ನೆಲಕ್ಕೂ ನಡುಮಧ್ಯದ ಎತ್ತರದಲ್ಲಿ ಆಕಾಶಗಂಗೆ ದಪ್ಪವಾಗಿ ಉಬ್ಬಿದ ಜಾಗ ಕಾಣುತ್ತೆ, ಅದರ ನಡುವೆ ಕಪ್ಪು ಗೆರೆ. ಕೇಂದ್ರ ಆ ಧೂಳಿನ ಹಿಂದಿದೆ, ಬರಿಗಣ್ಣಿಗೆ ಸಿಗಲ್ಲ. ಬಾರ್‌ನ ಹತ್ತಿರದ ತುದಿ ನಿಮ್ಮ ಎಡಕ್ಕೆ, ದೂರದ ತುದಿ ಬಲಕ್ಕೆ. ಊರ್ಟ್ ಕಂಡ ತೋಳು ನಡುವೆ ಎಲ್ಲೋ ನಿಮ್ಮ ಕಡೆಗೇ ಬರುತ್ತಿದೆ, ಸೆಕೆಂಡಿಗೆ 53 ಕಿಲೋಮೀಟರ್.